ನೆಂಟರ ಸಿಪ್ಪೆ

ಫೆಬ್ರವರಿ 4

ಸಲಹೆಗಾರ ಮಹಾಶಯರಿಗೆ,

ತಮ್ಮ ಕರಡು ವರದಿ ಕೈಸೇರಿತು. ‘ಸಕ್ಕರೆ ಕಾರ್ಖಾನೆಯಲ್ಲಿ ವಿದ್ಯುತ್ ಉತ್ಪಾದನೆ ಹೆಚ್ಚಿಸುವ ಮಾರ್ಗಗಳ ಮೌಲ್ಯಮಾಪನ’. ಹೆಸರು ಓದಿ ಮುಗಿಸುವಷ್ಟರಲ್ಲಿ ನನ್ನ ಚಹಾ ಆರಿತ್ತು. ಒಳಗಿನದನ್ನು ಓದಿದ ಮೇಲೆ ಚಹಾ ಬೇಕೆನಿಸಲಿಲ್ಲ.

ಪಾಪು, ಈ ‘ತಾವು’ ‘ತಮ್ಮ’ ನನ್ನ ಬಾಯಿಗೆ ಒಗ್ಗುವುದಿಲ್ಲ. ನೇರವಾಗಿ ಕೇಳುತ್ತೇನೆ. ಎರಡನೇ ಬಾಯ್ಲರ್ ‘ವಯಸ್ಸಿಗೆ ಹೋಲಿಸಿದರೆ ಅಚ್ಚರಿಪಡುವಷ್ಟು ಸುಸ್ಥಿತಿಯಲ್ಲಿದೆ’ ಅಂತ ಬರೆಯುವಾಗ ನಿನಗೆ ನಾಚಿಕೆಯಾಗಲಿಲ್ಲವೇ? ನಾವು ಅದನ್ನು ಮುದುಕಿ ಅಂತ ಕರೆಯುತ್ತೇವೆ. ಪ್ರೀತಿಗಲ್ಲ. ಬೆಳಗಾದರೆ ಒಂದು ಕಡೆ ಸೋರುತ್ತಾಳೆ, ಸಂಜೆಯಾದರೆ ಇನ್ನೊಂದು ಕಡೆ. ಹದಿನಾರು ಕಬ್ಬಿನ ಹಂಗಾಮಿನಿಂದ ಈ ಬಾಯ್ಲರ್ ಮನೆಯ ಮುಖ್ಯ ಇಂಜಿನಿಯರ್ ನಾನು. ಕಬ್ಬು ಅರೆದು ರಸ ಹಿಂಡಿದ ಮೇಲೆ ಉಳಿಯುವ ಸಿಪ್ಪೆಯನ್ನು ಇವಳ ಹೊಟ್ಟೆಗೆ ಸುರಿದು, ಬಂದ ಹಬೆಯಿಂದ ಟರ್ಬೈನ್ ತಿರುಗಿಸಿ, ಕಾರ್ಖಾನೆಗೆ ಬೇಕಾದ ಕರೆಂಟು ಮಾಡಿಕೊಂಡು, ಮಿಕ್ಕಿದ್ದನ್ನು ಹೊರಗೆ ಮಾರುವುದು ನನ್ನ ಕೆಲಸ. ನೀನು ಬಂದು ಅಳೆದ ಪ್ರಯೋಗದ ದಿನ ಮುದುಕಿ ಕೊಟ್ಟಳು ಅಂತ ನೀನು ಬರೆದಿರುವಷ್ಟು ಹಬೆಯನ್ನು ನನಗೆ ಅವಳು ಒಂದು ದಿನವೂ ಕೊಟ್ಟಿಲ್ಲ.

ನೀನು ತೋರಿಸಿದ ಮೂರು ದಾರಿಗಳನ್ನೂ ಓದಿದೆ. ಹೆಚ್ಚು ಒತ್ತಡದ ಹೊಸ ಬಾಯ್ಲರ್ ‘ಸದ್ಯಕ್ಕೆ ಬೇಡ’. ರಸ ಕುದಿಸುವ ವಿಭಾಗದಲ್ಲಿ ಹಬೆ ಉಳಿಸುವುದಕ್ಕೆ ಕೊನೆಯಲ್ಲಿ ಅರ್ಧ ಪುಟ. ಮೊದಲ ಸ್ಥಾನ ಕೊಟ್ಟದ್ದು ಯಾವುದಕ್ಕೆ? ಚಿಮಣಿಯ ಬಿಸಿ ಹೊಗೆಯಲ್ಲಿ ಸಿಪ್ಪೆ ಒಣಗಿಸಿ, ಅದನ್ನು ಮುದುಕಿಗೆ ತುರುಕಿ, ಹಂಗಾಮು ಮುಗಿದ ಮೇಲೂ ಅವಳನ್ನು ಬಿಡದೆ ಓಡಿಸುವುದಕ್ಕೆ!

ಹಂಗಾಮು ಮುಗಿದ ಆ ತಿಂಗಳುಗಳಲ್ಲೇ ನಾವು ಅವಳ ಬೆಂಕಿ ಆರಿಸಿ, ಬಿಚ್ಚಿ, ತೇಪೆ ಹಾಕುವುದು. ಅದನ್ನೂ ಕಿತ್ತುಕೊಂಡರೆ ಯಾವತ್ತಾದರೂ ಒಂದು ದಿನ ನೀರಿನ ಟ್ಯೂಬ್ ಒಡೆಯುತ್ತದೆ. ಒಡೆದರೆ ಬೆಂಕಿ, ಹಬೆ ಎರಡೂ ಬೂದಿ ಬಾಗಿಲಿನಿಂದ ಆಚೆ ನುಗ್ಗುತ್ತವೆ. ಬೂದಿ ಬಾಗಿಲ ಮುಂದೆ ಪ್ರತಿ ಪಾಳಿಯಲ್ಲೂ ಬೂದಿ ಎಳೆಯೋಕೆ ಸಲಾಕೆ ಹಿಡಿದ ಜನ ನಿಂತಿರುತ್ತಾರೆ. ನಿನ್ನ ವರದಿಯಲ್ಲಿ ಅವರ ಸುದ್ದಿಯೇ ಇಲ್ಲ.

ಪ್ರಯೋಗದ ದಿನ ಜನರಲ್ ಮ್ಯಾನೇಜರ್ ನನ್ನನ್ನು ಬಾಯ್ಲರ್ ಮನೆಗೆ ಬಿಡಲಿಲ್ಲ. “ಅಳೆಯೋರು ನಿಮ್ಮ ತಮ್ಮ. ಪಕ್ಕದಲ್ಲಿ ನೀವು ನಿಂತ್ರೆ ನೋಡೋರು ಏನಂದ್ಕೋತಾರೆ ಮೇಡಂ?” ಅಂದರು. ನ್ಯಾಯವಾದ ಮಾತು ಅಂದುಕೊಂಡು ಆಫೀಸಿನಲ್ಲಿ ಕೂತೆ. ಈಗ ಬೇರೆ ಏನೋ ಅನ್ನಿಸುತ್ತಿದೆ. ಆ ಅಂಕಿಗಳನ್ನು ನಿನ್ನ ಕೈಗೆ ಬರೆದುಕೊಟ್ಟವರು ಯಾರು? ಅವರೇನಾ?

ಅಕ್ಕ


ಫೆಬ್ರವರಿ 9

ಅಕ್ಕ,

ಫೋನ್ ಮಾಡಿದೆ. ನಾನು ಎರಡು ಮಾತು ಆಡುವಷ್ಟರಲ್ಲಿ ಇಟ್ಟುಬಿಟ್ಟೆ. ಆಮೇಲೆ ಎತ್ತಲೇ ಇಲ್ಲ. ಜಗಳ ಆಡುವುದಿದ್ದರೆ ಇಬ್ಬರೂ ಆಡಬೇಕು. ಒಬ್ಬಳೇ ಬೈದು ಬಾಗಿಲು ಹಾಕಿಕೊಳ್ಳುವುದು ನಿನ್ನ ಹಳೇ ಚಾಳಿ. ಆಯಿತು, ಕಾಗದದಲ್ಲೇ ಹೇಳುತ್ತೇನೆ.

ಮೊದಲು, ನನ್ನನ್ನು ಪಾಪು ಅನ್ನಬೇಡ. ಲಕೋಟೆಯ ಮೇಲೂ ಅದನ್ನೇ ಬರೆದಿದ್ದೀಯ. ಟಪಾಲು ನೋಡಿಕೊಳ್ಳುವ ಹುಡುಗಿ “ಇಲ್ಲಿ ಪಾಪು ಅಂದ್ರೆ ಯಾರು?” ಅಂತ ಪ್ರತಿ ಮಹಡಿಯಲ್ಲೂ ಕೇಳಿಕೊಂಡು ಕೊನೆಗೆ ನನ್ನ ಮೇಜಿಗೆ ತಂದಿಟ್ಟಳು. ನನ್ನ ತಲೆ ಅರ್ಧ ಬೋಳಾಗಿದೆ, ಅಕ್ಕ.

ಇನ್ನು ಅಂಕಿಗಳ ವಿಷಯ. ನನ್ನನ್ನು ಸುಳ್ಳುಗಾರ ಅಂದಿದ್ದೀಯ. ಬೇರೆ ಯಾರಾದರೂ ಅಂದಿದ್ದರೆ ವಕೀಲರಿಂದ ನೋಟಿಸು ಹೋಗುತ್ತಿತ್ತು. ಪ್ರತಿಯೊಂದು ಅಂಕಿಯೂ ನನ್ನ ಮೀಟರಿನದು, ನನ್ನ ಕಣ್ಣಿನದು. ಕೊನೇ ಗಾಣದ ಬಾಯಲ್ಲಿ, ಸಿಪ್ಪೆ ಹೊರಗೆ ಬೀಳುವ ಜಾಗದಲ್ಲಿ, ಮತ್ತೆ ಮತ್ತೆ ಮಾದರಿ ತೆಗೆದು ತೇವ ಅಳೆದೆ. ತೂಕದಲ್ಲಿ ಅರ್ಧ ನೀರು. ಎಲ್ಲ ಕಾರ್ಖಾನೆಗಳಲ್ಲೂ ಇರುವಷ್ಟೇ. ಅಂಥ ಒದ್ದೆ ಸಿಪ್ಪೆ ತಿಂದೂ ನಿನ್ನ ಮುದುಕಿ ಅಷ್ಟು ಹಬೆ ಕೊಟ್ಟಳು ಅಂದರೆ ಅವಳ ಒಳಗು ಗಟ್ಟಿಯಾಗಿದೆ ಅಂತಲೇ ಅರ್ಥ. ಒಣ ಸಿಪ್ಪೆ ಕೊಟ್ಟರೆ ಇನ್ನೂ ಹೆಚ್ಚು ಕೊಡುತ್ತಾಳೆ ಅನ್ನುವುದು ಸಾದಾ ಲೆಕ್ಕ. ನಿಯಮದ ಪ್ರಕಾರ ಗಾಣದ ಬಾಯಿಂದ ಒಂದು ಚೀಲ, ಬಾಯ್ಲರಿನ ಬಾಯಿಂದ ಒಂದು ಚೀಲ ಸಿಪ್ಪೆ ನಿಮ್ಮ ಆಳುಗಳ ಕೈಲಿ ತುಂಬಿಸಿ, ಸೀಲು ಮಾಡಿ ತಂದಿಟ್ಟಿದ್ದೇನೆ. ಯಾರು ಬೇಕಾದರೂ ಬಂದು ನೋಡಲಿ.

ನಿನ್ನ ಸಿಟ್ಟಿನ ಮೂಲ ನನಗೆ ಗೊತ್ತಿಲ್ಲದೆ ಏನಿಲ್ಲ. ವರ್ಷಗಟ್ಟಲೆ ಹೊಸ ಬಾಯ್ಲರ್ ಕೇಳುತ್ತಿದ್ದೀಯ. ಮೌಲ್ಯಮಾಪನಕ್ಕೆ ತಮ್ಮನೇ ಬರುತ್ತಾನೆ ಅಂದಾಗ ಕೆಲಸ ಆಯಿತು ಅಂದುಕೊಂಡೆ. ಬೂದಿ ಬಾಗಿಲಿನ ಜನರ ಬಗ್ಗೆ ನನಗೂ ಕಾಳಜಿ ಇದೆ. ಆದರೆ ಮೀಟರು ಹೇಳಿದ್ದನ್ನು ನಾನು ಬರೆಯುತ್ತೇನೆ. ಅಕ್ಕ ಹೇಳಿದ್ದನ್ನಲ್ಲ.

ತಮ್ಮ


ಫೆಬ್ರವರಿ 13

ಪಾಪು,

ಫೋನ್ ಇಟ್ಟದ್ದು ಕೊಬ್ಬಿಗಲ್ಲ. ಇಷ್ಟು ವರ್ಷ ದೊಡ್ಡ ಫ್ಯಾನುಗಳ ಪಕ್ಕ ನಿಂತ ಕಿವಿ ಇದು. ಫೋನಿನಲ್ಲಿ ನೀನು ಮಾತಾಡಿದರೆ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಕೇಳುತ್ತದೆ. ಹೋದ ವರ್ಷದಿಂದ ಹೀಗಾಗಿದೆ. ಯಾರಿಗೂ ಹೇಳಿಲ್ಲ. ನಿನಗೂ ಹೇಳುವವಳಿರಲಿಲ್ಲ. ನೀನು ಚಾಳಿ ಅಂದದ್ದಕ್ಕೆ ಹೇಳಬೇಕಾಯಿತು.

ಈಗ ವಿಷಯಕ್ಕೆ ಬಾ. ‘ಒಳಗು ಗಟ್ಟಿಯಾಗಿದೆ’ ಅಂದೆಯಲ್ಲ, ಒಳಗನ್ನು ನೋಡಿದ್ದೀಯಾ? ಪಕ್ಕದ ಇಟ್ಟಿಗೆ ಗೋಡೆಯ ಹಿಂದೆ ಒಂದು ಸಾಲು ಟ್ಯೂಬುಗಳಿವೆ. ಕಬ್ಬಿನ ಜೊತೆ ಬರುವ ಮರಳೆಲ್ಲ ಹೊಗೆಯ ಜೊತೆ ಹಾರಿ ಅವುಗಳನ್ನೇ ಉಜ್ಜುವುದು. ಅವು ಎಷ್ಟು ದಪ್ಪ ಉಳಿದಿವೆ ಅಂತ ಅಳೆಯಬೇಕಾದರೆ ಗೋಡೆ ಒಡೆಯಬೇಕು. ಪ್ರತಿ ಸಲ ಕೇಳುತ್ತೇನೆ. ಪ್ರತಿ ಸಲವೂ ಜನರಲ್ ಮ್ಯಾನೇಜರ್ “ಮುಂದಿನ ವರ್ಷ ನೋಡೋಣ ಮೇಡಂ” ಅನ್ನುತ್ತಾರೆ. ನಾನೂ ನೋಡಿಲ್ಲ, ನೀನೂ ನೋಡಿಲ್ಲ. ನಾನು ‘ಗೊತ್ತಿಲ್ಲ’ ಅಂತ ಬರೆಯುತ್ತೇನೆ. ನೀನು ‘ಸುಸ್ಥಿತಿ’ ಅಂತ ಬರೆಯುತ್ತೀಯ. ವ್ಯತ್ಯಾಸ ಇಷ್ಟೇ.

ಆ ಅರ್ಧ ಪುಟದ ಮೂರನೇ ದಾರಿಯನ್ನಂತೂ ಕಿತ್ತುಹಾಕು. ರಸ ಕುದಿಸುವ ವಿಭಾಗದವರು ಹಬೆ ಉಳಿಸುತ್ತಾರಂತೆ! ಕವಾಟ ತಿರುಗಿಸೋಕೆ ಸೋಮಾರಿತನ ಪಟ್ಟು ಇಡೀ ದಿನ ಹಬೆಯನ್ನು ಆಕಾಶಕ್ಕೆ ಬಿಡುವ ಗಿರಾಕಿಗಳು ಅವರು. ಅವರನ್ನು ನಂಬಿ ಬಾಯ್ಲರ್ ಮನೆ ನಡೆಸೋಕಾಗುತ್ತಾ?

ನಿನ್ನ ಅಂಕಿಗಳನ್ನು ನಾನು ಈಗಲೂ ನಂಬುವುದಿಲ್ಲ. ಆವತ್ತು ಪಾಳಿಯಲ್ಲಿದ್ದವನು ನಮ್ಮ ಫೋರ್‌ಮನ್ ಗುಡುಗಣ್ಣ. ಫ್ಯಾನಿನ ಸದ್ದಿನ ಮೇಲೂ ಅವನ ಗಂಟಲು ಕೇಳುತ್ತದೆ ಅಂತ ಆ ಹೆಸರು. ಈಗೀಗ ನನಗೆ ಪೂರ್ತಿ ಅರ್ಥವಾಗುವುದು ಅವನೊಬ್ಬನ ಮಾತೇ. ಅವನನ್ನೇ ಕೇಳುತ್ತೇನೆ. ಆಮೇಲೆ ನಿನ್ನ ಜಾತಕ ಬಿಚ್ಚುತ್ತೇನೆ.

ಅಕ್ಕ


ಫೆಬ್ರವರಿ 27

ಪಾಪು,

ನೀನು ಸುಳ್ಳು ಬರೆದಿಲ್ಲ. ಗೊತ್ತಾಯಿತು. ಹಾಗೆ ಅಂದದ್ದು ತಪ್ಪು.

ಆದರೂ ಆ ಪ್ರಯೋಗವನ್ನು ಇನ್ನೊಂದು ಸಲ ಮಾಡು. ಹಂಗಾಮು ಮುಗಿಯುವ ಮೊದಲೇ ಬಾ. ಬರುತ್ತೇನೆ ಅಂತ ಯಾರಿಗೂ ತಿಳಿಸಬೇಡ. ಕಾರಣ ಕೇಳಬೇಡ. ನಿನಗೆ ಏನು ಕೆಲಸವಿದ್ದರೂ ಬಿಟ್ಟು ಬಾ. ಅಲ್ಲಿಯವರೆಗೆ ವರದಿಯನ್ನು ಕೈಯಿಂದ ಬಿಡಬೇಡ.

ಗುಡುಗಣ್ಣ ನಿನ್ನನ್ನು ಬಹಳ ಹೊಗಳಿದ. ಚಿನ್ನದಂಥ ಹುಡುಗ ಅಂದ.

ಅಕ್ಕ


ಮಾರ್ಚ್ 5

ಅಕ್ಕ,

ತಪ್ಪು ಅಂತ ಒಂದು ಸಾಲು ಬರೆಯೋಕೆ ಎರಡು ವಾರ ಬೇಕಾಯಿತು. ಇರಲಿ, ಬರೆದೆಯಲ್ಲ. ಆ ಸಾಲನ್ನು ಕತ್ತರಿಸಿ ಗಾಜು ಹಾಕಿಸಿ ಗೋಡೆಗೆ ತೂಗುಹಾಕೋಣ ಅಂತಿದ್ದೇನೆ. ನಮ್ಮ ಮನೆಯಲ್ಲಿ ಇಂಥದ್ದು ಹಿಂದೆಂದೂ ಆಗಿರಲಿಲ್ಲ.

ಆದರೆ ಅದರ ಕೆಳಗಿನ ಸಾಲುಗಳು! ಅಂಕಿ ಸುಳ್ಳಲ್ಲ, ಆದರೂ ಮತ್ತೆ ಅಳೆ. ಕಾರಣ ಕೇಳಬೇಡ. ಯಾರಿಗೂ ಹೇಳದೆ ಕಳ್ಳನ ಹಾಗೆ ಬಾ. ನಮ್ಮ ಆಫೀಸಿನ ಹಿರಿಯರ ಹತ್ತಿರ ಏನಂತ ಹೇಳಲಿ? “ಅಕ್ಕನಿಗೆ ಸಮಾಧಾನವಾಗಿಲ್ಲ ಸಾರ್, ಒಂದೆರಡು ದಿನ ರಜೆ ಕೊಡಿ” ಅಂತಲೇ? ನೀನು ಸೋತಿದ್ದೀಯ, ಒಪ್ಪಿಕೊಳ್ಳೋಕೆ ಮನಸ್ಸಿಲ್ಲ. ನನಗೆ ಕಾಣುವುದು ಇಷ್ಟೇ.

ಏನೇ ಆದರೂ ಈಗ ತಡವಾಯಿತು. ನಿನ್ನ ಪತ್ರ ಬರುವ ಮೊದಲೇ ಅಂತಿಮ ವರದಿ ಹೋಗಿತ್ತು. ಮೊನ್ನೆ ನಿಮ್ಮ ಆಡಳಿತ ಮಂಡಳಿ ಒಪ್ಪಿಯೂ ಆಯಿತು. ಹಂಗಾಮು ಮುಗಿದ ಮೇಲೆ ಮುದುಕಿಯನ್ನು ನಿಲ್ಲಿಸುವುದಿಲ್ಲ. ಉಳಿದ ಸಿಪ್ಪೆ ಮತ್ತು ಕಬ್ಬಿನ ಒಣ ಎಲೆಯ ರವದಿಯಲ್ಲಿ ಓಡಿಸುತ್ತಾರೆ. ಸಿಪ್ಪೆ ಒಣಗಿಸುವ ಯಂತ್ರ ಆಮೇಲೆ ಬರುತ್ತದೆ. ನಿಮ್ಮ ಜನರಲ್ ಮ್ಯಾನೇಜರ್ ಸಭೆಯಲ್ಲಿ ಎಲ್ಲರ ಮುಂದೆ ನನ್ನ ಕೈ ಕುಲುಕಿ, “ಒಂದೇ ಮನೆಯ ಇಬ್ಬರೂ ನಮ್ಮ ಕಾರ್ಖಾನೆಗೆ ದುಡಿದ ಹಾಗಾಯ್ತು” ಅಂದರು. ನೀನೂ ಆ ಮಾತು ಕೇಳಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಈಗ ಹಾಗನ್ನಿಸುತ್ತಿಲ್ಲ.

ತಮ್ಮ


ಮಾರ್ಚ್ 11

ಏ ಮೂರ್ಖ,

ನಿನ್ನ ಕೈ ಕುಲುಕಿದವರ ಸುದ್ದಿ ನನಗೆ ಬೇಡ. ಬೇಡ ಅನ್ನುವಷ್ಟರಲ್ಲೇ ಬಿಟ್ಟೆಯಲ್ಲ ವರದಿಯನ್ನ!

ನಿನ್ನ ಹತ್ತಿರ ಎರಡು ಚೀಲ ಇವೆ ಅಂದೆ. ಈಗಲೇ ಎದ್ದು ಹೋಗಿ ಎರಡನ್ನೂ ಬಿಚ್ಚು. ಮೂಗು ಹತ್ತಿರ ಇಟ್ಟು ನೋಡು. ಕೈ ಹಾಕಿ ನೋಡು. ಆಮೇಲೂ ಗಾಣದ ಬಾಯಲ್ಲಿ ಬಿದ್ದ ಸಿಪ್ಪೆಯೇ ಬಾಯ್ಲರಿನ ಬಾಯಿಗೆ ಹೋಯಿತು ಅಂತ ಹೇಳುವಷ್ಟು ಧೈರ್ಯ ನಿನಗಿದ್ದರೆ ನನಗೆ ಮುಖ ತೋರಿಸಬೇಡ.

ಇದಕ್ಕಿಂತ ಹೆಚ್ಚು ನಾನು ಬರೆಯುವುದಿಲ್ಲ.

ಅಕ್ಕ


ಮಾರ್ಚ್ 18

ಅಕ್ಕ,

ಬಿಚ್ಚಿದೆ. ಗಾಣದ ಬಾಯಿಯ ಚೀಲ ಬಿಚ್ಚಿದ್ದೇ ತಡ, ಆಫೀಸಿನವರೆಲ್ಲ ಮೂಗು ಮುಚ್ಚಿಕೊಂಡು ಕಿಟಕಿಯ ಕಡೆ ಓಡಿದರು. ಹುಳಿ ನಾತ, ಬೂಸು, ತಳದಲ್ಲಿ ಕಪ್ಪು ನೀರು. ಒದ್ದೆ ಸಿಪ್ಪೆಯನ್ನು ಕಟ್ಟಿಟ್ಟರೆ ಆಗಬೇಕಾದದ್ದೇ. ಬಾಯ್ಲರಿನ ಬಾಯಿಯ ಚೀಲ ಬಿಚ್ಚಿದೆ. ಸೀನು ಬಂತು. ಕಂದು ಬಣ್ಣದ ಸಿಪ್ಪೆ, ಹಿಡಿದರೆ ಪುಡಿ, ಬರೀ ಧೂಳು. ತೂಕ ಮಾಡಿ ಒಲೆಯಲ್ಲಿಟ್ಟು ತೇವ ನೋಡಿದೆ. ಗಾಣದ ಸಿಪ್ಪೆಯಲ್ಲಿದ್ದ ನೀರಿನಲ್ಲಿ ಅರ್ಧದಷ್ಟೂ ಇಲ್ಲ.

ಕೂಡಲೇ ಗುಡುಗಣ್ಣನಿಗೆ ಫೋನ್ ಮಾಡಿದೆ. ಆಡಿದ ಮಾತನ್ನು ಹಾಗೇ ಬರೆಯುತ್ತಿದ್ದೇನೆ, ನೀನೂ ಓದು.

“ಗುಡುಗಣ್ಣ, ಆವತ್ತು ಮುದುಕಿಗೆ ಏನು ತಿನ್ನಿಸಿದೆ?”

“ನೆಂಟರ ಸಿಪ್ಪೆ ತಮ್ಮಾ! ಶೆಡ್ಡಿನ ಹಿಂದಿನ ಮೂಲೆದು, ಹೋದ್ವರ್ಷದ್ದು. ಬೆಂಕಿ ಹೆಂಗ್ ಎದ್ದಿತ್ತು ನೋಡಿದ್ಯಲ್ಲ?”

“ನೆಂಟರ ಸಿಪ್ಪೆ ಅಂದ್ರೆ?”

“ದೊಡ್ಡೋರು ನೋಡೋಕೆ ಬಂದಾಗ ಹಾಕೋಕೆ ಅಂತ ಒಣಗಿದ್ದು ಒಂದ್ ಗುಡ್ಡೆ ಎತ್ತಿಟ್ಟಿರ್ತೀವಿ. ಬಂದೋರ ಮುಂದೆ ಬಾಯ್ಲರ್ ಕೆಮ್ಮಬಾರದು ನೋಡು. ಮಾಮೂಲಿ ಸಾಹೇಬ್ರು ಬಂದ್ರೆ ಅರ್ಧ ಗಂಟೆಗಾಗೋಷ್ಟು. ನೀನು ಬಾಯ್ಲರಕ್ಕನ ತಮ್ಮ, ಬೀಗರು ಬಂದಂಗೆ. ಇಡೀ ದಿನ ಹಾಕ್ಸಿದೆ. ಗುಡ್ಡೆನೇ ಖಾಲಿ!”

“ಗಾಣದಿಂದ ಬಂದ ಸಿಪ್ಪೆ ಏನಾಯ್ತು?”

“ಇನ್ನೊಂದ್ ಬೆಲ್ಟಲ್ಲಿ ಶೆಡ್ಡಿಗೆ ಕಳಿಸ್ದೆ. ಯಾಕೆ ತಮ್ಮಾ, ಲೆಕ್ಕ ಸರಿ ಬರ್ಲಿಲ್ವಾ?”

ಸರಿ ಬಂತು ಅಂದೆ. ಇನ್ನೇನು ಹೇಳಲಿ ಅವನಿಗೆ? ಅವನ ಉಪಚಾರವೇ ನನ್ನ ವರದಿ. ಅಷ್ಟು ಒಣಗಿದ ಸಿಪ್ಪೆ ಹಾಕಿದರೆ ತಗಡಿನ ಡಬ್ಬವೂ ಹಬೆ ಕೊಡುತ್ತದೆ. ನಾನು ಗಾಣದ ಬಾಯಲ್ಲಿ ನೀರು ಅಳೆದೆ, ಬಾಯ್ಲರಿನ ಬಾಯಲ್ಲಿ ಬೆಂಕಿ ಅಳೆದೆ. ಎರಡರ ನಡುವೆ ಬೆಲ್ಟ್ ಬದಲಾಗಿದೆ ಅಂತ ನೋಡಲಿಲ್ಲ.

ಆದರೆ ನಿನಗೆ ಇದು ಗೊತ್ತಿತ್ತು! ಫೆಬ್ರವರಿಯ ಆ ಪತ್ರ ಬರೆಯುವಾಗಲೇ ಗೊತ್ತಿತ್ತು. ‘ಕಾರಣ ಕೇಳಬೇಡ’ ಅಂದೆ. ಒಂದು ಸಾಲು, ‘ಗುಡುಗಣ್ಣ ಒಣ ಸಿಪ್ಪೆ ಹಾಕಿದ್ದ’ ಅಂತ ಒಂದೇ ಒಂದು ಸಾಲು ಬರೆದಿದ್ದರೆ ಮರುದಿನವೇ ಮಂಡಳಿಗೆ ತಂತಿ ಹೋದ ಹಾಗೆ ಸುದ್ದಿ ಹೋಗುತ್ತಿತ್ತು. ನನ್ನನ್ನು ಸುಳ್ಳುಗಾರ ಅನ್ನೋಕೆ ನಾಲ್ಕು ಪುಟ ಬರೆದವಳಿಗೆ ನಿಜ ಹೇಳೋಕೆ ಕಾಗದ ಸಿಗಲಿಲ್ಲವೇ? ಬೂದಿ ಬಾಗಿಲಿನ ಜನ, ಬೂದಿ ಬಾಗಿಲಿನ ಜನ ಅಂತ ನನ್ನ ತಲೆ ತಿಂದೆ. ಅವರಿಗಿಂತ ನಿನಗೆ ಗುಡುಗಣ್ಣ ಹೆಚ್ಚಾದ.

ನಾನು ಇನ್ನೊಂದು ಮಾತು ನುಂಗಿಕೊಂಡಿದ್ದೆ. ಈಗ ಅದನ್ನೂ ಕೇಳಿಸಿಕೋ. ಮೊದಲ ದಿನವೇ ನಿಮ್ಮ ಜನರಲ್ ಮ್ಯಾನೇಜರ್ ನನಗೆ “ಹೊಸ ಬಾಯ್ಲರ್ ಒಂದು ಬಿಟ್ಟು ಬೇರೆ ಏನು ಬೇಕಾದ್ರೂ ಹೇಳಿ” ಅಂದಿದ್ದರು. ಅಂಕಿ ಅವರಿಗೆ ಬೇಕಾದ ಹಾಗೆ ಬಂದಾಗ ಅಬ್ಬ ಅನ್ನಿಸಿತು, ಎರಡನೇ ಚೀಲ ಬಿಚ್ಚಬೇಕು ಅನ್ನಿಸಲಿಲ್ಲ. ನೀನು ಅಂಕಿ ಬರೆದುಕೊಟ್ಟವರು ಯಾರು ಅಂತ ಕೇಳಿದಾಗ ನನಗೆ ಅಷ್ಟು ಉರಿದದ್ದು ಅದಕ್ಕೇ.

ಈಗ ವರದಿ ಹಿಂದಕ್ಕೆ ಪಡೆಯಬೇಕಾದರೆ ಏನಾಯಿತು ಅಂತ ಬರೆಯಬೇಕು. ಸಿಪ್ಪೆ ಬದಲಾಯಿಸಿದ್ದು ಯಾರು ಅಂತ ಕೇಳುತ್ತಾರೆ. ಹೆಸರು ಕೊಡಲೇ, ಬೇಡವೇ? ಈ ಸಲ ಕಾರಣದ ಸಮೇತ ಬರಿ.

ತಮ್ಮ


ಮಾರ್ಚ್ 22

ಪಾಪು,

ಬೈದೆ, ಬೈಸಿಕೊಂಡೆ. ನೀನು ಬರೆದದ್ದೆಲ್ಲ ನಿಜ. ಅದಕ್ಕೇ ಇನ್ನೂ ಹೆಚ್ಚು ಸಿಟ್ಟು ಬಂತು.

ಗುಡುಗಣ್ಣನಿಗೆ ನಿವೃತ್ತಿ ಹತ್ತಿರ ಬಂದಿದೆ. ಪ್ರಯೋಗದ ದಿನ ಇಂಧನ ಬದಲಾಯಿಸಿದ ಅಂತ ಗೊತ್ತಾದರೆ ಒಂದೇ ಸಹಿಯಲ್ಲಿ ಆಚೆ ಹಾಕುತ್ತಾರೆ. ಅವನು ನನ್ನ ಹತ್ತಿರ ಬಂದು ಆ ನೆಂಟರ ಸಿಪ್ಪೆಯ ಕತೆ ಹೇಳಿದ್ದು ತಪ್ಪು ಮಾಡಿದವನ ಹಾಗಲ್ಲ. ಮದುವೆಯಲ್ಲಿ ಓಡಾಡಿ ಬಡಿಸಿದವನ ಹಾಗೆ. “ನಿನ್ ತಮ್ಮ ಬಂದ್ಬಿಟ್ಟು ಬೆಂಕಿ ಆರಿಹೋಗಿದ್ರೆ ನಮ್ ಮರ್ಯಾದೆ ಏನಾಗ್ತಿತ್ತು ಬಾಯ್ಲರಕ್ಕಾ?” ಅಂತ ನಗುತ್ತಾ ನಿಂತಿದ್ದ. ಚಹಾ ಕುಡಿಸಿ ಕಳಿಸಿದೆ. ನೀನು ಬಂದು ಸುಮ್ಮನೆ ಇನ್ನೊಂದು ಸಲ ಅಳೆದರೆ ಯಾರ ಹೆಸರೂ ಬರದೆ ಎಲ್ಲ ಸರಿಹೋಗುತ್ತದೆ ಅಂದುಕೊಂಡೆ. ನೀನು ಬರಲಿಲ್ಲ.

ಈಗ ಮುಂದಿನದು ಕೇಳು. ನಿನ್ನ ಫೋನಿನ ಮೇಲೆ ಅವನಿಗೆ ಏನೋ ಅನುಮಾನ ಬಂದು ನನ್ನನ್ನು ಹಿಡಿದು ಕೂರಿಸಿಕೊಂಡ. ಹೇಳಿದೆ. ನನಗೆ ಒಂದು ಮಾತೂ ಹೇಳದೆ ನೆಟ್ಟಗೆ ಜನರಲ್ ಮ್ಯಾನೇಜರ್ ಕೋಣೆಗೆ ಹೋಗಿದ್ದಾನೆ. ಗೊತ್ತಾಗಿ ನಾನೂ ಹಿಂದೆಯೇ ಓಡಿದೆ. ಬಾಗಿಲು ತೆಗೆದೇ ಇತ್ತು. ಗುಡುಗಣ್ಣ ನಿಂತಿದ್ದ, ಆ ಮನುಷ್ಯ ಕೂತಿದ್ದ.

“ತಪ್ಪು ನಂದು ಸಾಹೇಬ್ರೆ. ಒಣಗಿದ್ದು ಹಾಕ್ಸಿದ್ದು ನಾನು. ಆ ಲೆಕ್ಕ ನಂಬ್ಬೇಡಿ.”

“ಗೊತ್ತಲ್ಲಪ್ಪ. ಆವತ್ತು ಸಂಜೆ ನೀನೇ ಹೇಳಿದ್ಯಲ್ಲ, ಗುಡ್ಡೆ ಖಾಲಿಯಾಯ್ತು ಅಂತ.”

“ಮತ್ತೆ... ಯಾಕ್ ಸುಮ್ನಿದ್ರಿ?”

“ವರದಿ ಚೆನ್ನಾಗಿ ಬಂತಲ್ಲ. ಹೋಗು, ಕೆಲಸ ನೋಡು.”

ನನ್ನ ಕಿವಿಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಅಂತ ಗುಡುಗಣ್ಣನಿಂದ ಎರಡೆರಡು ಸಲ ಹೇಳಿಸಿಕೊಂಡೆ. ಸರಿಯಾಗೇ ಕೇಳಿಸಿತ್ತು. ಯಾರಿಗೆ ಗೊತ್ತಾಗಬಾರದು ಅಂತ ನಾನು ಹಲ್ಲು ಕಚ್ಚಿಕೊಂಡು, ತಮ್ಮನಿಂದ ಉಗಿಸಿಕೊಂಡು ಕೂತಿದ್ದೆನೋ, ಅವನಿಗೆ ಮೊದಲ ದಿನವೇ ಗೊತ್ತಿತ್ತು! ನನ್ನ ಬಾಯಿ ಮುಚ್ಚಿದ್ದರಿಂದ ಲಾಭ ಆದದ್ದು ಅವನೊಬ್ಬನಿಗೆ.

ಹೊಸ ವಿಷಯ ಇನ್ನೊಂದಿದೆ. ಹಂಗಾಮು ಮುಗಿದ ಮೇಲೆ ಮುದುಕಿಯನ್ನು ಓಡಿಸಲು ನನ್ನ ಸಹಿ ಬೇಕು. ಗೋಡೆ ಒಡೆದು ಟ್ಯೂಬ್ ತೋರಿಸದೆ ಸಹಿ ಹಾಕುವುದಿಲ್ಲ ಅಂದೆ. “ನಿಮ್ಮ ತಮ್ಮನವರೇ ಸುಸ್ಥಿತಿ ಅಂತ ಬರೆದಿದಾರಲ್ಲ ಮೇಡಂ? ಅದನ್ನ ತೋರಿಸಿದ್ರೆ ಬೇರೆ ಇಂಜಿನಿಯರ್ ಹಾಕ್ತಾರೆ” ಅಂದ. ನನ್ನ ಸಹಿಯ ಮೇಲೆ ಅವನು ಇಡುತ್ತಿರುವ ಕಲ್ಲು ನಿನ್ನ ಕಾಗದ. ತೆಗೆ ಅದನ್ನ. ಹೆಸರು ಕೊಡುತ್ತೀಯೋ ಬಿಡುತ್ತೀಯೋ, ಗುಡುಗಣ್ಣ ತಾನೇ ಹೋಗಿ ಹೇಳಿಕೊಂಡವನು. ಇನ್ನು ಮುಚ್ಚಿಡುವುದು ಏನೂ ಉಳಿದಿಲ್ಲ. ತೆಗೆ.

ಅಕ್ಕ


ಏಪ್ರಿಲ್ 2

ಅಕ್ಕ,

ತೆಗೆದೆ. ‘ಪ್ರಯೋಗದ ದಿನ ಬಾಯ್ಲರಿಗೆ ಹೋದ ಸಿಪ್ಪೆಯ ತೇವವನ್ನು ನಾನು ಅಳೆದಿಲ್ಲ. ಬೇರೆ ಸಿಪ್ಪೆಯ ತೇವ ಅಳೆದು ಅದಕ್ಕೆ ಹೊಂದಿಸಿದೆ. ಆದ್ದರಿಂದ ಎರಡನೇ ಬಾಯ್ಲರಿನ ಸ್ಥಿತಿಯ ಬಗ್ಗೆ ಈ ವರದಿ ಹೇಳಿದ್ದು ಯಾವುದಕ್ಕೂ ಆಧಾರವಿಲ್ಲ.’ ಇಷ್ಟೇ ಬರೆದೆ. ಗುಡುಗಣ್ಣನ ಹೆಸರಿಲ್ಲ. ಸುಳ್ಳೂ ಇಲ್ಲ. ಗುಡುಗಣ್ಣ ಏನು ಹಾಕಿದರೂ ಅಳೆಯಬೇಕಾದ ಜಾಗದಲ್ಲಿ ಅಳೆದಿದ್ದರೆ ನನಗೆ ಗೊತ್ತಾಗುತ್ತಿತ್ತು. ಒಂದು ಪ್ರತಿ ಮಂಡಳಿಗೆ, ಒಂದು ಪ್ರತಿ ಬಾಯ್ಲರ್ ಇನ್‌ಸ್ಪೆಕ್ಟರಿಗೆ. ಇನ್‌ಸ್ಪೆಕ್ಟರಿಗೆ ಕಳಿಸಿದ್ದು ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲ.

ಈಗ ಗೊತ್ತಾಗಿದೆ. ನನ್ನನ್ನು ಕರೆದು, “ತಪ್ಪಾದ್ರೆ ನಮ್ಮೊಳಗೆ ಹೇಳ್ಬೇಕಿತ್ತು ಕಣಯ್ಯಾ, ಊರಿಗೆಲ್ಲ ಡಂಗುರ ಹೊಡೆಯೋದಾ?” ಅಂದರು. ನಾನೂ ಜೋರಾಗಿ ಮಾತಾಡಿದೆ. ಇನ್ನು ಮೇಲೆ ಕಾರ್ಖಾನೆಗಳಿಗೆ ನನ್ನನ್ನು ಕಳಿಸುವುದಿಲ್ಲವಂತೆ. ಕಟ್ಟಡಗಳ ದೀಪದ ಬಿಲ್ಲು ಪರಿಶೀಲಿಸುವ ವಿಭಾಗಕ್ಕೆ ಹಾಕಿದ್ದಾರೆ. ಬೆಳಗಿನಿಂದ ಸಂಜೆಯವರೆಗೆ ಟ್ಯೂಬ್‌ಲೈಟ್ ಎಣಿಸುತ್ತೇನೆ. ನಿನಗೆ ಸಂತೋಷವೇ?

ನಿನ್ನ ಮೇಲಿನ ಸಿಟ್ಟಿನಲ್ಲೇ ಇನ್ನೊಂದು ಕೆಲಸ ಮಾಡಿದೆ. ನೀನು ಕಿತ್ತುಹಾಕು ಅಂದ ಆ ಅರ್ಧ ಪುಟವನ್ನು ತೆಗೆದುಕೊಂಡು ಸರಿಯಾಗಿ ಲೆಕ್ಕ ಹಾಕಿದೆ. ರಸ ಕುದಿಸುವ ಮೊದಲ ಪಾತ್ರೆಯಿಂದ ಏಳುವ ಹಬೆಯಿಂದಲೇ ಮುಂದಿನ ರಸ ಕಾಯಿಸಿದರೆ, ಗಾಣ ತಿರುಗಿಸುವ ಹಳೇ ಹಬೆ ಯಂತ್ರ ಕಿತ್ತು ಮೋಟಾರ್ ಕೂರಿಸಿದರೆ, ಆಕಾಶಕ್ಕೆ ಹೋಗುತ್ತಿರುವ ಹಬೆಯನ್ನು ನಿಲ್ಲಿಸಿದರೆ, ನಿಮ್ಮ ಕಾರ್ಖಾನೆಗೆ ಮುದುಕಿಯೇ ಬೇಕಾಗಿಲ್ಲ. ಮೊದಲನೇ ಬಾಯ್ಲರ್ ಒಂದೇ ಸಾಕು. ಮಾರಲು ಕರೆಂಟೂ ಈಗಿನದಕ್ಕಿಂತ ಹೆಚ್ಚೇ ಉಳಿಯುತ್ತದೆ. ನಾನು ಒಣ ಸಿಪ್ಪೆಯ ಬೆನ್ನು ಹತ್ತಿದ್ದೆ, ನೀನು ಹೊಸ ಬಾಯ್ಲರಿನ ಬೆನ್ನು ಹತ್ತಿದ್ದೆ. ಪಕ್ಕದ ವಿಭಾಗದವರ ಮುಖ ನೋಡಬೇಕಾಗುತ್ತದೆ ಅಂತ ನೀನು ಆ ಕಡೆ ತಿರುಗಿಯೂ ನೋಡಲಿಲ್ಲ. ಲೆಕ್ಕದ ಹಾಳೆಗಳು ಇದರ ಜೊತೆಗಿವೆ. ಇದನ್ನು ಆಫೀಸಿನ ಹೆಸರಲ್ಲಿ ಕಳಿಸುವ ಅಧಿಕಾರ ಈಗ ನನಗಿಲ್ಲ. ನಿನ್ನ ಹೆಸರಲ್ಲಿ ಮಂಡಳಿಗೆ ಕೊಡು. ಬೈಯುವುದಿದ್ದರೆ ಲೆಕ್ಕ ನೋಡಿದ ಮೇಲೆ ಬೈ.

ತಮ್ಮ


ಏಪ್ರಿಲ್ 24

ಪಾಪು,

ಟ್ಯೂಬ್‌ಲೈಟ್ ಎಣಿಸುವುದರಿಂದ ನಿನಗೇನೂ ಆಗುವುದಿಲ್ಲ. ಅಲ್ಲೂ ಎಲ್ಲಿ ನಿಂತು ಅಳೆಯುತ್ತಿದ್ದೀಯ ಅಂತ ನೋಡಿಕೊಂಡು ಅಳೆ.

ಲೆಕ್ಕ ನೋಡಿದೆ. ಎಲ್ಲಾದರೂ ತಪ್ಪು ಸಿಗುತ್ತದೆ ಅಂತ ಮೂರು ದಿನ ಹುಡುಕಿದೆ. ಒಂದು ಸಣ್ಣದು ಸಿಕ್ಕಿತು, ಅದನ್ನು ತಿದ್ದಿದರೆ ಉಳಿಯುವ ಹಬೆ ಇನ್ನೂ ಜಾಸ್ತಿಯಾಯಿತು. ಹೊಟ್ಟೆ ಉರಿಯಿತು. ಹಾಳೆಗಳನ್ನು ಹಿಡಿದುಕೊಂಡು ರಸ ಕುದಿಸುವ ವಿಭಾಗಕ್ಕೆ ಹೋದೆ. ಅಲ್ಲಿನ ಮುಖ್ಯಸ್ಥ ನನ್ನನ್ನು ನೋಡಿ, “ಏನ್ ಮೇಡಂ, ದಾರಿ ತಪ್ಪಿ ಬಂದ್ರಾ?” ಅಂದ. ಹೌದು ಅಂದೆ. ಇಬ್ಬರೂ ಸಹಿ ಹಾಕಿ ಮಂಡಳಿಗೆ ಕೊಟ್ಟಿದ್ದೇವೆ. ನಿನ್ನ ಹೆಸರು ಮೇಲೆ ಹಾಕಿದ್ದೇನೆ, ಪೂರ್ತಿ ಹೆಸರು. ಏನು ಮಾಡುತ್ತಾರೋ ಗೊತ್ತಿಲ್ಲ. ಜನರಲ್ ಮ್ಯಾನೇಜರ್ ಈಗ ನನ್ನ ಜೊತೆ ಮಾತಾಡುವುದಿಲ್ಲ. ಮಾತಾಡಿದರೂ ನನಗೆ ಕೇಳಿಸುವುದು ಕಮ್ಮಿ.

ನಿನ್ನ ಕಾಗದ ಹೋದದ್ದರಿಂದ ಇನ್‌ಸ್ಪೆಕ್ಟರ್ ಬಂದರು. ಗೋಡೆ ಒಡೆಯದೆ ಬೆಂಕಿ ಉರಿಸುವ ಹಾಗಿಲ್ಲ ಅಂತ ಬರೆದುಕೊಟ್ಟರು. ಮುದುಕಿಯನ್ನು ಆರಿಸಿ, ಪೂರ್ತಿ ತಣ್ಣಗಾಗುವವರೆಗೆ ಕಾದು, ನಿನ್ನೆ ಒಡೆಸಿದೆವು. ಸುತ್ತಿಗೆ ಹಿಡಿದು ಒಳಗೆ ಹೋದದ್ದು ನಾನು. ಒಂದೊಂದೇ ಟ್ಯೂಬಿಗೆ ತಟ್ಟುತ್ತಾ ಹೋದೆ. ಗಟ್ಟಿ ಟ್ಯೂಬ್ ಕೈಗೆ ತಿರುಗಿ ಹೊಡೆಯುತ್ತದೆ, ಕಿವಿಯೇ ಬೇಕಾಗಿಲ್ಲ. ಮೊದಲ ಕೆಲವು ಹೊಡೆದವು. ಆಮೇಲಿನದು ಹೊಡೆಯಲಿಲ್ಲ. ಇನ್ನೊಂದು ಸಲ, ಮೊದಲಿಗಿಂತ ಮೆಲ್ಲಗೆ ತಟ್ಟಿದೆ. ಸುತ್ತಿಗೆ ಒಳಗೆ ಹೋಯಿತು.

ಅದರ ಪಕ್ಕದ್ದೂ ಹಾಗೇ. ಅದರಾಚೆಯದೂ. ಅಂಚು ಮುಟ್ಟಿ ನೋಡಿದೆ, ಡಬ್ಬದ ಮುಚ್ಚಳದಷ್ಟು ದಪ್ಪ ಉಳಿದಿತ್ತು. ಇನ್‌ಸ್ಪೆಕ್ಟರ್ ಟಾರ್ಚು ಬಿಟ್ಟು ನೋಡಿ ಆಚೆ ಹೋಗಿ ಕಾಗದ ಬರೆದರು. ಮುದುಕಿ ಇನ್ನು ಏಳುವುದಿಲ್ಲ. ಬೂದಿ ಬಾಗಿಲಿನ ಜನ ಬಂದು ಒಬ್ಬೊಬ್ಬರಾಗಿ ಆ ತೂತುಗಳಿಗೆ ಬೆರಳು ಹಾಕಿ ನೋಡಿ ಹೋದರು. ಗುಡುಗಣ್ಣ ಇಟ್ಟಿಗೆ ರಾಶಿಯ ಮೇಲೆ ಕೂತುಬಿಟ್ಟ. ಅಲ್ಲಿಂದಲೇ ಏನೋ ಅಂದ. ಮೊದಲ ಸಲ ಅವನ ಮಾತು ನನಗೆ ಕೇಳಿಸಲಿಲ್ಲ, ಅಷ್ಟು ಸಣ್ಣಗೆ ಅಂದ. ಹತ್ತಿರ ಹೋಗಿ ಕೇಳಿದೆ.

ಆ ಟ್ಯೂಬುಗಳ ನೇರಕ್ಕೆ, ಗೋಡೆಯ ಈ ಕಡೆ, ಬೆಂಕಿ ನೋಡುವ ಸಣ್ಣ ಕಿಂಡಿ ಇದೆ. ಪ್ರಯೋಗದ ದಿನ ಒಣ ಸಿಪ್ಪೆಯ ಬೆಂಕಿ ಎಂದೂ ಇಲ್ಲದಷ್ಟು ಜೋರಾಗಿ ಎದ್ದಾಗ ನೀನು ಮಧ್ಯಾಹ್ನದವರೆಗೆ ಆ ಕಿಂಡಿಗೆ ಮುಖ ಕೊಟ್ಟು ನಿಂತಿದ್ದೆಯಂತೆ. “ನಾನೇ ಸ್ಟೂಲ್ ತಂದ್ಕೊಟ್ಟೆ ಬಾಯ್ಲರಕ್ಕಾ, ನಿಂತು ನಿಂತು ಕಾಲು ನೋಯುತ್ತೆ ಅಂತ” ಅಂದ.

ಆವತ್ತು ಆ ಟ್ಯೂಬ್ ಒಡೆದಿದ್ದರೆ ಬೆಂಕಿ, ಹಬೆ ಎರಡೂ ಆ ಕಿಂಡಿಯಿಂದಲೂ ನುಗ್ಗುತ್ತಿದ್ದವು. ಆ ಸ್ಟೂಲನ್ನು ನಾನೇ ಸುತ್ತಿಗೆಯಿಂದ ಒಡೆದು ಹಾಕಿದೆ. ಯಾರು ಹೇಳಿದ್ದು ನಿನಗೆ ಅಷ್ಟು ಹತ್ತಿರ ನಿಲ್ಲೋಕೆ?

ಅಕ್ಕ